ಬೆಸುಗೆಯ ಬೆಲೆ: ಪಿಟೀಲು, ಪಾಡ್ದನ ಮತ್ತು ಪಕ್ಕವಾದ್ಯದ ನೀತಿ

1

ಶಾಸ್ತ್ರೀಯ ಸಂಗೀತದಲ್ಲಿ ಪಳಗಿದ ಪಿಟೀಲುವಾದಕರೊಬ್ಬರು ಜಾಝ್, ರಾಕ್, ಜನಪದ ಮೊದಲಾದ ಭಿನ್ನ ಪ್ರಕಾರಗಳನ್ನು ಒಂದೇ ವೇದಿಕೆಯಲ್ಲಿ ಬೆಸೆದಾಗ ನಮ್ಮಲ್ಲಿ ಎರಡು ಬಗೆಯ ಪ್ರತಿಕ್ರಿಯೆಗಳು ಸಿದ್ಧವಾಗಿರುತ್ತವೆ. ಒಂದು, ಸಂಪ್ರದಾಯದ ಪಾವಿತ್ರ್ಯ ಕೆಟ್ಟಿತೆಂಬ ಆಕ್ಷೇಪ. ಇನ್ನೊಂದು, ಸಂಗೀತಕ್ಕೆ ಗಡಿಯಿಲ್ಲವೆಂಬ ಸಂಭ್ರಮ. ಇವೆರಡೂ ಪರಸ್ಪರ ವಿರುದ್ಧ ನಿಲುವುಗಳಂತೆ ತೋರಿದರೂ ಒಂದು ವಿಷಯದಲ್ಲಿ ಸಮಾನವಾಗಿವೆ. ಎರಡೂ ಬೆಸುಗೆಯನ್ನು ಶಾಸ್ತ್ರೀಯ ವಾದಕರ ಕಡೆಯಿಂದಷ್ಟೇ ನೋಡುತ್ತವೆ. ಶಾಸ್ತ್ರೀಯ ಸಂಗೀತ ಏನನ್ನು ಕಳೆದುಕೊಂಡಿತು, ಏನನ್ನು ಪಡೆಯಿತು ಎಂಬುದೇ ಇವುಗಳ ಪ್ರಶ್ನೆ. ಬೆಸೆಯಲ್ಪಟ್ಟ ಇನ್ನೊಂದು ಸಂಗೀತದ ಗತಿ ಏನಾಯಿತು, ವಿಶೇಷವಾಗಿ ಅದು ಜನಪದ ಸಂಗೀತವಾಗಿದ್ದಾಗ ಅದರ ಹಾಡುಗಾರರಿಗೆ ಏನು ಉಳಿಯಿತು ಎಂಬ ಪ್ರಶ್ನೆ ಎರಡೂ ಕಡೆಯಲ್ಲಿ ಏಳುವುದಿಲ್ಲ.

ಈ ಪ್ರಶ್ನೆಯನ್ನು ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ಪರಿಸರವನ್ನು ಮುಂದಿಟ್ಟುಕೊಂಡು ಚರ್ಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಪ್ರದೇಶವನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಭೂತಕೋಲದ ವಾದ್ಯ, ತೆಂಕುತಿಟ್ಟಿನ ಯಕ್ಷಗಾನ, ದೇವಾಲಯದ ನಾಗಸ್ವರ, ಜೈನ ಬಸದಿಗಳ ಆರಾಧನಾ ಪರಂಪರೆ, ಚರ್ಚುಗಳ ಗಾಯನವೃಂದ, ಕರ್ನಾಟಕ ಸಂಗೀತದ ಗುರುಕುಲ ಎಲ್ಲವೂ ಇಲ್ಲಿ ಕೆಲವೇ ಮೈಲುಗಳ ಅಂತರದಲ್ಲಿ ಬದುಕಿವೆ. ಸಮ್ಮಿಶ್ರಣವೆಂಬುದು ಇಲ್ಲಿ ಹೊಸ ಕಾಲದ ಆಮದಲ್ಲ, ದಿನನಿತ್ಯದ ಅನುಭವ. ಆದ್ದರಿಂದ ಬೆಸುಗೆಯನ್ನು ಅಳೆಯುವ ಮಾನದಂಡಗಳನ್ನೂ ಇಲ್ಲಿಂದಲೇ ಪಡೆಯಲು ಸಾಧ್ಯವಿದೆ.

2

ಮೊದಲಿಗೆ ಪಿಟೀಲಿನ ಬಗೆಗೇ ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕರ್ನಾಟಕ ಸಂಗೀತದ ಪಾವಿತ್ರ್ಯವನ್ನು ಎತ್ತಿಹಿಡಿಯುವ ಕಛೇರಿಯಲ್ಲಿ ಗಾಯಕರ ಪಕ್ಕದಲ್ಲಿ ಕುಳಿತಿರುವ ಈ ವಾದ್ಯವೇ ಒಂದು ಬೆಸುಗೆಯ ಫಲ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನ ಪರಿಸರದಲ್ಲಿ ಐರೋಪ್ಯ ವಾದಕರಿಂದ ಇದನ್ನು ಕಲಿತು ನಮ್ಮ ಸಂಗೀತಕ್ಕೆ ಅಳವಡಿಸಿದರು. ತಂಜಾವೂರು ಸಹೋದರರಲ್ಲೊಬ್ಬರಾದ ವಡಿವೇಲು ತಿರುವಾಂಕೂರಿನ ಸ್ವಾತಿ ತಿರುನಾಳ್ ಆಸ್ಥಾನದಲ್ಲಿ ಅದನ್ನು ನೆಲೆಗೊಳಿಸಿದರು. ಮುತ್ತುಸ್ವಾಮಿ ದೀಕ್ಷಿತರೇ ಪಾಶ್ಚಾತ್ಯ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿ ‘ನೊಟ್ಟುಸ್ವರ’ಗಳನ್ನು ರಚಿಸಿದ್ದು ಇದೇ ಕಾಲಘಟ್ಟದಲ್ಲಿ.

ಆದರೆ ವಾದ್ಯ ಬಂದಂತೆಯೇ ಉಳಿಯಲಿಲ್ಲ ಎಂಬುದು ಗಮನಾರ್ಹ. ನಿಂತು ಗಲ್ಲಕ್ಕೆ ಒತ್ತಿ ಹಿಡಿಯುತ್ತಿದ್ದ ವಾದ್ಯವನ್ನು ನಮ್ಮವರು ನೆಲದ ಮೇಲೆ ಕುಳಿತು, ಅದರ ತುದಿಯನ್ನು ಪಾದದ ಗಂಟಿನ ಬಳಿ ಊರಿ ನುಡಿಸಿದರು. ಎಡಗೈ ಸ್ವತಂತ್ರವಾಗಿ ಜಾರಲು ಇದರಿಂದ ಅವಕಾಶವಾಯಿತು, ಗಮಕ ಸಾಧ್ಯವಾಯಿತು. ತಂತಿಗಳ ಶ್ರುತಿಯನ್ನು ಷಡ್ಜ–ಪಂಚಮಗಳಿಗೆ ಬದಲಾಯಿಸಿದರು. ಮೈಸೂರಿನ ಟಿ. ಚೌಡಯ್ಯನವರು (1895–1967) ಇನ್ನೂ ಮುಂದೆ ಹೋಗಿ ನಾಲ್ಕು ತಂತಿಗಳ ಜೊತೆಗೆ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿದರು. ಧ್ವನಿವರ್ಧಕ ವ್ಯಾಪಕವಾಗಿರದ ಕಾಲದಲ್ಲಿ ದೊಡ್ಡ ಸಭೆಯ ಕೊನೆಯ ಸಾಲಿನ ಕೇಳುಗನನ್ನು ತಲುಪುವ ಅಗತ್ಯ ಈ ಮಾರ್ಪಾಡಿನ ಹಿಂದಿತ್ತು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ನಿಂತಿರುವ ಸ್ಮಾರಕ ಭವನ ಆ ಸಾಹಸವನ್ನು ನೆನಪಿಸುತ್ತದೆ.

ಇದರಿಂದ ನಾವು ಮೊದಲನೆಯ ಮಾನದಂಡವನ್ನು ಪಡೆಯಬಹುದು. ನಿಜವಾದ ಬೆಸುಗೆಯಲ್ಲಿ ಹೊರಗಿನಿಂದ ಬಂದದ್ದು ತನ್ನ ದೇಹವನ್ನೇ ಬದಲಿಸಿಕೊಳ್ಳುತ್ತದೆ. ಎರಡು ಸಂಗೀತಗಳನ್ನು ಒಂದರ ಮೇಲೊಂದು ಹೇರುವುದು ಬೆಸುಗೆಯಲ್ಲ, ಪದರ ಮಾತ್ರ. ಬೆಸುಗೆಗೆ ಒಂದು ಬೆಲೆಯಿದೆ. ಅದನ್ನು ಯಾರಾದರೂ ತೆರಲೇಬೇಕು. ವಿಮರ್ಶೆ ಕೇಳಬೇಕಾದ ಪ್ರಶ್ನೆ ಇದು: ಆ ಬೆಲೆಯನ್ನು ತೆತ್ತವರು ಯಾರು?

3

ಈ ಪ್ರಶ್ನೆಗೆ ಅತ್ಯಂತ ಸ್ಪಷ್ಟ ಉತ್ತರ ದೊರೆಯುವುದು ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರಲ್ಲಿ (ನಿಧನ: 2019). ಅವರು ಪಿಟೀಲುವಾದಕರಲ್ಲ, ಸ್ಯಾಕ್ಸೋಫೋನ್ ವಾದಕರು. ಆದರೂ ಪಿಟೀಲಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಆದದ್ದು ಸ್ಯಾಕ್ಸೋಫೋನಿಗೆ ನಮ್ಮ ಕಣ್ಣೆದುರೇ ಆಯಿತೆಂಬ ಕಾರಣಕ್ಕೆ ಅವರ ಉದಾಹರಣೆ ಇಲ್ಲಿ ಅನಿವಾರ್ಯ. ತಂದೆ ತನಿಯಪ್ಪನವರು ನಾಗಸ್ವರ ವಾದಕರು. ಬಾಲಕ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡು ಮನಸೋತರು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಮುಂದೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಶಿಕ್ಷಣ ಪಡೆದರು. ಕೀಲಿಗಳಿಂದ ಬಿಡಿಬಿಡಿ ಸ್ವರಗಳನ್ನು ಹೊರಡಿಸುವ ವಾದ್ಯದಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಗಮಕವನ್ನು ತರಲು ಅವರು ವಾದ್ಯದ ಕೀಲಿಗಳನ್ನೂ ಮೆತ್ತೆಗಳನ್ನೂ ಮಾರ್ಪಡಿಸಿಕೊಂಡರು. ಬೆಲೆಯನ್ನು ವಾದಕ ತೆತ್ತ, ವಾದ್ಯ ತೆತ್ತಿತು.

ಗೋಪಾಲನಾಥರು ಜಾಝ್ ಕಡೆಗೆ ಹೋದದ್ದು ಈ ಸಿದ್ಧತೆಯ ನಂತರ. 1980ರ ಮುಂಬಯಿಯ ‘ಜಾಝ್ ಯಾತ್ರಾ’ದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಅವರೊಂದಿಗೆ ನುಡಿಸಿದರು. 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರಾಮೆನಾಡ್ ಕಛೇರಿಗೆ ಆಹ್ವಾನ ಬಂತು. ಕರ್ನಾಟಕ ಮೂಲದ ಕುಟುಂಬದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಜಾಝ್ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಾಂತಪ್ಪ ಅವರೊಂದಿಗೆ ರೂಪಿಸಿದ ‘ಕಿನ್ಸ್‌ಮೆನ್’ ಧ್ವನಿಮುದ್ರಿಕೆ 2008ರಲ್ಲಿ ಹೊರಬಂತು. ‘ಬಂಧುಗಳು’ ಎಂಬ ಅರ್ಥದ ಈ ಶೀರ್ಷಿಕೆ ಸಹಜವಾಗಿದೆ. ಒಂದೇ ಜಾತಿಯ ಎರಡು ವಾದ್ಯಗಳು. ಒಂದು ಜಾಝ್ ಭಾಷೆಯನ್ನೂ ಇನ್ನೊಂದು ರಾಗಭಾಷೆಯನ್ನೂ ಆಡುತ್ತವೆ.

ಆ ಮುದ್ರಿಕೆಯಲ್ಲಿ ಎ. ಕನ್ಯಾಕುಮಾರಿ ಅವರ ಪಿಟೀಲಿನ ಪಾತ್ರವನ್ನು ನಮ್ಮ ವಿಮರ್ಶೆ ಸಾಕಷ್ಟು ಗಮನಿಸಿಲ್ಲ. ಗೋಪಾಲನಾಥರಿಗೆ ಕಛೇರಿಗಳಲ್ಲಿ ದೀರ್ಘಕಾಲ ಜೊತೆಯಾಗಿದ್ದ ಅವರು ಇಲ್ಲಿ ಎರಡು ಸ್ಯಾಕ್ಸೋಫೋನ್‌ಗಳ ನಡುವೆ, ಗಿಟಾರ್ ಮತ್ತು ಡ್ರಮ್ಸ್‌ಗಳ ನಡುವೆ ನಿಂತಿದ್ದಾರೆ. ಜಾಝ್ ತನ್ನ ಚಲನೆಗೆ ಸ್ವರಮೇಳದ ಬದಲಾವಣೆಯನ್ನು ಅವಲಂಬಿಸುತ್ತದೆ. ರಾಗ ತನ್ನ ಚಲನೆಗೆ ಬದಲಾಗದ ಆಧಾರಷಡ್ಜವನ್ನು ಅವಲಂಬಿಸುತ್ತದೆ. ಈ ಎರಡರ ಘರ್ಷಣೆಯನ್ನು ಮುಚ್ಚಿಹಾಕದೆ, ಕೇಳುಗನಿಗೆ ಅದು ಕೇಳಿಸುವಂತೆ ಇಡುವುದರಲ್ಲಿ ಈ ಕೃತಿಯ ಯಶಸ್ಸಿದೆ. ಪಿಟೀಲು ಇಲ್ಲಿ ಮುಂಚೂಣಿಗೆ ನುಗ್ಗುವುದಿಲ್ಲ. ಎರಡು ಭಾಷೆಗಳ ನಡುವೆ ಕಿವಿಯಾಗಿ ನಿಲ್ಲುತ್ತದೆ.

ಗೋಪಾಲನಾಥರ ಬೆಸುಗೆಗೆ ಇನ್ನೊಂದು ಸಾಮಾಜಿಕ ಆಯಾಮವೂ ಇದೆ. ನಾಗಸ್ವರ ಮಂಗಳವಾದ್ಯವೆಂಬ ಗೌರವ ಪಡೆದಿದ್ದರೂ ಅದನ್ನು ನುಡಿಸುವ ಮನೆತನಗಳಿಗೆ ಅದೇ ಪ್ರಮಾಣದ ಗೌರವ ಸಿಕ್ಕಿರಲಿಲ್ಲ. ಅಂಥ ಮನೆತನವೊಂದರಿಂದ ಬಂದ ಕಲಾವಿದ ಕಛೇರಿಯ ಮುಖ್ಯಪೀಠದಲ್ಲಿ ಕುಳಿತದ್ದು, 2004ರಲ್ಲಿ ಪದ್ಮಶ್ರೀ ಪಡೆದದ್ದು ಸಂಗೀತದ ಘಟನೆಯಷ್ಟೇ ಅಲ್ಲ. ಇಂದು ಅವಿಭಜಿತ ದಕ್ಷಿಣ ಕನ್ನಡದ ಮದುವೆ ಚಪ್ಪರಗಳಲ್ಲಿ, ದೇವರ ಉತ್ಸವಗಳಲ್ಲಿ ನಾಗಸ್ವರದ ಸ್ಥಾನದಲ್ಲಿ ಸ್ಯಾಕ್ಸೋಫೋನ್ ಕೇಳಿಸುತ್ತದೆ. ಇದರಿಂದ ನಾಗಸ್ವರ ಹಿಂದೆ ಸರಿಯಿತೆಂಬ ವಿಷಾದಕ್ಕೆ ಕಾರಣವಿದೆ. ಆದರೆ ಹೊಸ ತಲೆಮಾರಿನ ವಾದಕರಿಗೆ ಜೀವನೋಪಾಯವೂ ಆತ್ಮಗೌರವವೂ ದೊರೆಯಿತೆಂಬುದನ್ನು ಮರೆತು ಈ ವಿಷಾದವನ್ನು ಆಡುವುದು ನ್ಯಾಯವಲ್ಲ.

4

ಪಿಟೀಲನ್ನು ಜನಪದ ರಂಗಭೂಮಿಯೊಳಗೆ ತಂದ ಪ್ರಯೋಗ ಕರಾವಳಿಗೆ ಹೊಸದಲ್ಲ. ಶಿವರಾಮ ಕಾರಂತರು ತಮ್ಮ ಯಕ್ಷಗಾನ ಬ್ಯಾಲೆಗಳಲ್ಲಿ ಪಿಟೀಲು ಮತ್ತು ಸ್ಯಾಕ್ಸೋಫೋನ್‌ಗಳನ್ನು ಬಳಸಿದರು. ಮಾತಿನ ಭಾಗವನ್ನು ಕಡಿಮೆಗೊಳಿಸಿ, ನೃತ್ಯ ಹಾಗೂ ರಾಗಭಾವಗಳಿಗೆ ಒತ್ತು ಕೊಟ್ಟ ಆ ಪ್ರಯೋಗದಲ್ಲಿ ಭಾಗವತರ ದನಿಯನ್ನು ಹಿಗ್ಗಿಸಿ ನಿಲ್ಲಿಸುವ ವಾದ್ಯವೊಂದರ ಅಗತ್ಯವಿತ್ತು. ಅರ್ಥಗಾರಿಕೆಯನ್ನು ಬಿಟ್ಟುಕೊಟ್ಟದ್ದಕ್ಕೆ ಟೀಕೆ ಬಂತು. ಅದು ಯಕ್ಷಗಾನವೇ ಅಲ್ಲವೆಂದವರೂ ಇದ್ದರು. ಆದರೆ ‘ಯಕ್ಷಗಾನ ಬಯಲಾಟ’ದಂಥ ಸಂಶೋಧನ ಕೃತಿಯನ್ನು ಬರೆದ, ಯಕ್ಷಗಾನದ ಹಳೆಯ ರಾಗಗಳನ್ನೂ ವೇಷಗಳನ್ನೂ ಹುಡುಕಿದ ಮೇಲೆ ಕಾರಂತರು ಬದಲಾವಣೆಗೆ ಕೈಹಾಕಿದರೆಂಬುದನ್ನು ಟೀಕಾಕಾರರೂ ಒಪ್ಪಬೇಕಾಗುತ್ತದೆ. ಅಧ್ಯಯನ ಇಲ್ಲಿ ಬೆಸುಗೆಗೆ ಮುಂಚೆ ಬಂದಿತ್ತು. ಇದು ಎರಡನೆಯ ಮಾನದಂಡ.

ತೆಂಕುತಿಟ್ಟಿನಲ್ಲಿ ಇದೇ ಚರ್ಚೆ ಬೇರೆ ರೂಪದಲ್ಲಿ ನಡೆಯಿತು. ದಾಮೋದರ ಮಂಡೆಚ್ಚರು ಭಾಗವತಿಕೆಗೆ ಸಂಗೀತದ ರಾಗಗಳ ವಿಸ್ತಾರವನ್ನು ತಂದರು, ಕೇಳುಗರು ಮುಗಿಬಿದ್ದರು. ಇನ್ನೊಂದೆಡೆ ಮೂಡುಬಿದಿರೆ ಪರಿಸರದಲ್ಲಿ ನೆಲೆಸಿದ್ದ ಬಲಿಪ ನಾರಾಯಣ ಭಾಗವತರು (1938–2023) ಏರುಶ್ರುತಿಯ, ಕಥೆಯ ನಡೆಗೆ ಬದ್ಧವಾದ ಹಳೆಯ ಕ್ರಮವನ್ನೇ ಕೊನೆಯವರೆಗೆ ಉಳಿಸಿಕೊಂಡರು. ಯಕ್ಷಗಾನದ ಕೇಳುಗ ಇಬ್ಬರನ್ನೂ ಪ್ರೀತಿಸಿದ. ಬೆರೆಸುವವರಿಗೂ ಬೆರೆಸದವರಿಗೂ ಒಂದೇ ಪರಂಪರೆಯಲ್ಲಿ ಜಾಗವಿರುವಾಗ ಮಾತ್ರ ಬೆಸುಗೆ ಆರೋಗ್ಯಕರವಾಗಿ ಬೆಳೆಯುತ್ತದೆ. ಬೆರೆಸದವರ ದಾರಿ ಮುಚ್ಚಿಹೋದಲ್ಲಿ ಬೆರೆಸುವವರಿಗೆ ಬೆರೆಸಲು ಏನೂ ಉಳಿಯುವುದಿಲ್ಲ.

ಬೆಳ್ತಂಗಡಿ ತಾಲೂಕಿನ ನಿಡ್ಲೆ ಸಮೀಪದ ಕರುಂಬಿತ್ತಿಲಿನ ಸಂಗೀತ ಶಿಬಿರವನ್ನು ಈ ದೃಷ್ಟಿಯಿಂದಲೇ ನೋಡಬೇಕು. ಲಾಲ್ಗುಡಿ ಜಯರಾಮನ್ ಅವರ ಶಿಷ್ಯರಾದ ಪಿಟೀಲು ವಿದ್ವಾಂಸ ವಿಠಲ ರಾಮಮೂರ್ತಿ ಅವರು ತಮ್ಮ ಪೂರ್ವಿಕರ ಮನೆಯಲ್ಲಿ ನಡೆಸಿಕೊಂಡು ಬಂದ ಈ ವಸತಿ ಶಿಬಿರದಲ್ಲಿ ಅಡಿಕೆ ತೋಟದ ನಡುವಿನ ಮನೆಯೇ ಗುರುಕುಲವಾಗುತ್ತದೆ. ಇಲ್ಲಿ ಕಲಿಸುವುದು ಶುದ್ಧ ಕರ್ನಾಟಕ ಸಂಗೀತವನ್ನು. ಆದರೆ ಪಿಟೀಲಿನ ಶಿಕ್ಷಣದ ತಿರುಳು ಪಕ್ಕವಾದ್ಯದ ಶಿಸ್ತು. ಗಾಯಕರು ಮುಂದೆ ಏನು ಹಾಡುವರೆಂದು ತಿಳಿಯದೆ, ಅವರ ಆಲಾಪನೆಯನ್ನು ಕ್ಷಣಮಾತ್ರ ಹಿಂದಿನಿಂದ ನೆರಳಿನಂತೆ ಹಿಂಬಾಲಿಸುವುದು. ತನ್ನ ಸರದಿ ಬಂದಾಗ ಅವರು ಕಟ್ಟಿದ ಭಾವವನ್ನು ಕೆಡಿಸದೆ ಮುಂದುವರಿಸುವುದು. ಕೇಳುವಿಕೆಯನ್ನೇ ವಾದನವನ್ನಾಗಿ ಮಾಡಿಕೊಂಡ ಇಂಥ ಶಿಸ್ತನ್ನು ಪಿಟೀಲಿನ ಶಿಷ್ಯ ಎಳವೆಯಲ್ಲೇ ರೂಢಿಸಿಕೊಳ್ಳಬೇಕಾಗುತ್ತದೆ. ಬೆಸುಗೆಯ ಚರ್ಚೆಗೆ ಇದರ ಪ್ರಸ್ತುತತೆಯನ್ನು ಮುಂದೆ ನೋಡೋಣ.

5

ಜಗತ್ತಿನ ವೇದಿಕೆಯಲ್ಲಿ ಪಿಟೀಲಿನ ಬೆಸುಗೆಗೆ ಮಾದರಿಯಾದದ್ದು ‘ಶಕ್ತಿ’ ತಂಡ. ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್, ಪಿಟೀಲಿನ ಎಲ್. ಶಂಕರ್, ತಬಲಾದ ಜಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಮ್ ಕೂಡಿದ ಈ ತಂಡದ ಮೊದಲ ಮುದ್ರಿಕೆ 1976ರಲ್ಲಿ ಬಂತು. ಅಲ್ಲಿಯೂ ಬೆಲೆ ತೆತ್ತವರು ಸ್ಪಷ್ಟ. ಗಮಕಕ್ಕಾಗಿ ಮೆಕ್‌ಲಾಫ್ಲಿನ್ ತಮ್ಮ ಗಿಟಾರಿನ ಮೆಟ್ಟಿಲುಗಳ ನಡುವೆ ಕೊರೆಯಿಸಿ, ಅನುರಣನ ತಂತಿಗಳನ್ನು ಅಳವಡಿಸಿಕೊಂಡರು. ಶಂಕರ್ ಅವರ ಅಣ್ಣ ಎಲ್. ಸುಬ್ರಮಣ್ಯಂ ಅವರು ಯೆಹೂದಿ ಮೆನುಹಿನ್, ಸ್ಟೆಫಾನ್ ಗ್ರಾಪೆಲ್ಲಿ ಅವರಂಥ ಪಿಟೀಲುವಾದಕರೊಂದಿಗೆ ನುಡಿಸಿದರು. ಈ ಎಲ್ಲ ಸಂದರ್ಭಗಳಲ್ಲಿ ಎದುರುಬದುರಾದವರು ಸಮಾನರು. ಇಬ್ಬರಿಗೂ ಹೆಸರಿತ್ತು, ಒಪ್ಪಂದವಿತ್ತು, ಬೇಡವೆನ್ನುವ ಸ್ವಾತಂತ್ರ್ಯವಿತ್ತು.

ಕನ್ನಡನಾಡಿನ ಪಿಟೀಲಿಗೆ ಸಂಬಂಧಿಸಿದ ಹತ್ತಿರದ ಉದಾಹರಣೆ ಬೆಂಗಳೂರಿನ ಜ್ಯೋತ್ಸ್ನಾ ಶ್ರೀಕಾಂತ್ ಅವರದು. ಏಳು ತಂತಿಯ ಪಿಟೀಲಿನ ಪರಂಪರೆಗೆ ಸೇರಿದ ಆರ್.ಆರ್. ಕೇಶವಮೂರ್ತಿ ಅವರ ಶಿಷ್ಯೆಯಾಗಿ ಬೆಳೆದ ಅವರು ಪಾಶ್ಚಾತ್ಯ ಶಾಸ್ತ್ರೀಯ ಶಿಕ್ಷಣವನ್ನೂ ಪಡೆದು, ಲಂಡನ್ನಿನಲ್ಲಿ ನೆಲೆಸಿ ಜಾಝ್ ಮತ್ತು ಐರೋಪ್ಯ ಜನಪದ ಸಂಗೀತಗಾರರೊಂದಿಗೆ ಕೆಲಸ ಮಾಡಿದ್ದಾರೆ. ಸ್ವೀಡನ್ನಿನ ವಾದಕರ ಜೊತೆ ಅವರು ಕೂಡಿದ ‘ನಾರ್ಡಿಕ್ ರಾಗ’ ತಂಡ ನಮ್ಮ ಚರ್ಚೆಗೆ ವಿಶೇಷ ಮಹತ್ವದ್ದು. ಅಲ್ಲಿ ಕರ್ನಾಟಕ ಸಂಗೀತದ ಪಿಟೀಲಿಗೆ ಎದುರಾಗಿ ಇರುವುದು ಸ್ವೀಡನ್ನಿನ ಜನಪದ ಪಿಟೀಲು. ಆ ದೇಶದ ಜನಪದ ಪಿಟೀಲುವಾದಕರಲ್ಲಿ ಒಂದು ಪದ್ಧತಿಯಿದೆ. ‘ಪೊಲ್ಸ್ಕಾ’ ಎಂಬ ಕುಣಿತದ ಧಾಟಿಯನ್ನು ನುಡಿಸುವಾಗ ಅದು ಇಂಥ ವಾದಕನಿಂದ ಬಂದದ್ದೆಂದು, ಆ ಹಳ್ಳಿಯ ವಾದಕನ ಹೆಸರನ್ನೇ ಧಾಟಿಯ ಹೆಸರಾಗಿ ಹೇಳುತ್ತಾರೆ. ಜನಪದವೆಂದರೆ ಅನಾಮಧೇಯವೆಂಬ ನಮ್ಮ ಪೂರ್ವಗ್ರಹಕ್ಕೆ ಇದು ಉತ್ತರ. ಹೆಸರಿಲ್ಲದಿರುವುದು ಜನಪದದ ಗುಣವಲ್ಲ; ಹೆಸರನ್ನು ಕೇಳದವರ ಅಭ್ಯಾಸ.

6

ಈಗ ತುಳುನಾಡಿಗೆ ಮರಳೋಣ. ಪಾಡ್ದನವನ್ನು ಪಿಟೀಲಿನೊಂದಿಗೆ ಬೆಸೆದರೆ ಏನಾಗುತ್ತದೆ? ಪಾಡ್ದನಕ್ಕೆ ಎರಡು ನೆಲೆಗಳಿವೆ. ಕೋಲದ ಸಂದರ್ಭದಲ್ಲಿ ಭೂತಕಟ್ಟುವವರ ಮನೆಯ ಹೆಂಗಸರು ತೆಂಬರೆ ಬಾರಿಸುತ್ತ ದೈವದ ಹುಟ್ಟುಬೆಳವಣಿಗೆಯನ್ನು ಹಾಡುತ್ತಾರೆ. ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರು ಒಬ್ಬಳು ಹೇಳಿದ್ದನ್ನು ಉಳಿದವರು ಎತ್ತಿಕೊಂಡು ಹಾಡುತ್ತಾರೆ. ಸ್ವರಗಳು ಕೆಲವೇ, ವ್ಯಾಪ್ತಿ ಕಿರಿದು, ಧಾಟಿ ಮತ್ತೆ ಮತ್ತೆ ಮರಳುತ್ತದೆ. ಶಾಸ್ತ್ರೀಯ ಕಿವಿಗೆ ಇದು ಬಡತನವೆಂದು ತೋರುತ್ತದೆ. ಆದರೆ ಪಾಡ್ದನದಲ್ಲಿ ಧಾಟಿ ಕಥೆಯನ್ನು ಹೊರುವ ವಾಹನ. ಅದು ತನ್ನತ್ತ ಗಮನ ಸೆಳೆದರೆ ಕಥೆ ನಿಂತುಹೋಗುತ್ತದೆ. ಇಂಥ ಧಾಟಿಯನ್ನು ಒಂದು ರಾಗದ ಹೆಸರಿಗೆ ಸೇರಿಸಿ, ಅದರ ಶ್ರುತಿಯನ್ನು ‘ತಿದ್ದಿ’, ರಾಗವಿಸ್ತಾರಕ್ಕೆ ಪೀಠಿಕೆಯಾಗಿ ಬಳಸಿದಾಗ ಪಿಟೀಲಿಗೆ ಹೊಸ ಬಣ್ಣ ಬರುತ್ತದೆ. ಪಾಡ್ದನಕ್ಕೆ ಮಾತ್ರ ಕಥೆ ಕಳೆದುಹೋಗುತ್ತದೆ.

ಕಳೆದುಹೋಗುವುದು ಎಷ್ಟೆಂಬುದನ್ನು ಅಳೆಯಲು ಬೆಳ್ತಂಗಡಿ ತಾಲೂಕಿನಲ್ಲೇ ಒಂದು ಅಳತೆಗೋಲಿದೆ. ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಲೌರಿ ಹಾಂಕೊ, ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮತ್ತು ಆನ್ನೆಲಿ ಹಾಂಕೊ ಅವರ ತಂಡ 1990ರಲ್ಲಿ ದಾಖಲಿಸಿತು. 1998ರಲ್ಲಿ ಪ್ರಕಟವಾದ ಆ ಪಠ್ಯದಲ್ಲಿ 15,683 ಸಾಲುಗಳಿವೆ. ಎರಡು ಸಂಪುಟಗಳ ಆ ಗ್ರಂಥದ ಶೀರ್ಷಿಕೆಯಲ್ಲೇ ‘ಗೋಪಾಲ ನಾಯ್ಕರು ಪ್ರದರ್ಶಿಸಿದಂತೆ’ ಎಂಬ ಅರ್ಥದ ಮಾತು ಸೇರಿದೆ. ಹಾಡುಗಾರ ಇಲ್ಲಿ ಮಾಹಿತಿದಾರನಲ್ಲ, ಕೃತಿಕಾರ. ಹಾಡಿನ ಉದ್ದವನ್ನು ಸಂಶೋಧಕರ ಅನುಕೂಲಕ್ಕೆ ತಕ್ಕಂತೆ ಕತ್ತರಿಸಲಿಲ್ಲ. ಸಂಶೋಧಕರು ಹಾಡಿನ ಉದ್ದಕ್ಕೆ ತಮ್ಮನ್ನು ಹೊಂದಿಸಿಕೊಂಡರು. ಬೆಲೆ ತೆತ್ತವರು ಕೇಳುಗರು.

ಫ್ಯೂಷನ್ ವೇದಿಕೆಯ ರೂಢಿ ಇದಕ್ಕೆ ತದ್ವಿರುದ್ಧ. ಅಲ್ಲಿ ಪಿಟೀಲುವಾದಕರ ಹೆಸರು ಮುಖಪುಟದಲ್ಲಿರುತ್ತದೆ. ಹಾಡಿನ ಮುಂದೆ ‘ಸಾಂಪ್ರದಾಯಿಕ’ ಎಂದಿರುತ್ತದೆ. ಗಂಟೆಗಟ್ಟಲೆ ಹರಿಯುವ ಪಾಡ್ದನ ಕೆಲವು ನಿಮಿಷಗಳಿಗೆ ಇಳಿಯುತ್ತದೆ. ಪಿಟೀಲು ತನ್ನ ಸ್ವರವನ್ನಾಗಲಿ ವಿಸ್ತಾರವನ್ನಾಗಲಿ ಬಿಟ್ಟುಕೊಡುವುದಿಲ್ಲ. ಹಾಡುಗಾರ್ತಿ ಸಂದರ್ಭವನ್ನು, ಉದ್ದವನ್ನು, ಕಥೆಯನ್ನು, ಹೆಸರನ್ನು ಬಿಟ್ಟುಕೊಡುತ್ತಾಳೆ. ಬೆಲೆಯೆಲ್ಲವನ್ನೂ ಒಂದೇ ಕಡೆಯವರು ತೆರುವ ಈ ಬೆಸುಗೆಯನ್ನು ಬೆಸುಗೆಯೆಂದು ಕರೆಯಬಹುದೇ ಎಂಬುದು ನನ್ನ ಮೂಲಭೂತ ಸಂಶಯ.

ಕಾನೂನಿನ ನೆಲೆಯಲ್ಲಿಯೂ ಈ ಅಸಮತೋಲನ ಉಳಿದಿದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಪ್ರದರ್ಶಕರ ಹಕ್ಕುಗಳನ್ನು ವಿಸ್ತರಿಸಿತು; ಆದರೆ ಒಂದು ಸಮುದಾಯ ತಲೆಮಾರುಗಳಿಂದ ಕಾಪಾಡಿಕೊಂಡ ಧಾಟಿಗೆ ಆ ಕಾಯ್ದೆಯಲ್ಲಿ ಒಡೆಯರಿಲ್ಲ. 2022ರ ‘ಕಾಂತಾರ’ ಚಲನಚಿತ್ರದ ‘ವರಾಹ ರೂಪಂ’ ಗೀತೆಯ ಬಗ್ಗೆ ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ತನ್ನ ‘ನವರಸಂ’ ಹಾಡಿನ ನಕಲೆಂದು ಆಕ್ಷೇಪಿಸಿ ನ್ಯಾಯಾಲಯಕ್ಕೆ ಹೋಯಿತು. ಎರಡು ಆಧುನಿಕ ಬೆಸುಗೆಗಳ ನಡುವಿನ ವಿವಾದ ಸುದ್ದಿಯಾಯಿತು. ದೈವಾರಾಧನೆಯ ವಾದ್ಯ ಮತ್ತು ಕರೆಗಳ ಹಿಂದಿರುವ ಸಮುದಾಯಗಳಿಗೆ ಅವುಗಳ ಬಳಕೆಯಲ್ಲಿ ಏನು ಪಾಲು ಎಂಬ ಪ್ರಶ್ನೆ ನ್ಯಾಯಾಲಯದ ಮುಂದಿರಲಿಲ್ಲ.

ಕೊರಗರ ಡೋಲು ಮತ್ತು ಕೊಳಲಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಡೋಲು ಬಾರಿಸುವುದು ಅವರ ಪಾಲಿಗೆ ಬಹುಕಾಲ ಕಲೆಯಷ್ಟೇ ಆಗಿರಲಿಲ್ಲ. ಹುಟ್ಟಿನ ಕಾರಣಕ್ಕೆ ಹೇರಿದ ಚಾಕರಿಯೂ ಆಗಿತ್ತು. ಅವರನ್ನು ಹೀನಾಯವಾಗಿ ಕಾಣುವ ಅಜಲು ಪದ್ಧತಿಯನ್ನು ಕರ್ನಾಟಕ ಸರಕಾರ 2000ದ ಅಧಿನಿಯಮದ ಮೂಲಕ ನಿಷೇಧಿಸಿತು. ಹೀಗಿರುವಾಗ ಆ ಡೋಲನ್ನು ವೇದಿಕೆಯಲ್ಲಿ ‘ಆದಿಮ ಲಯ’ವೆಂದು ಕೊಂಡಾಡುವುದು ಗೌರವವೂ ಆಗಬಹುದು, ಹಳೆಯ ಚಾಕರಿಯ ಹೊಸ ರೂಪವೂ ಆಗಬಹುದು. ಬಾರಿಸುವವರು ತಾವಾಗಿ ಆರಿಸಿಕೊಂಡರೇ, ಸಂಭಾವನೆ ಸಮಾನವೇ, ಹೆಸರು ಘೋಷಿಸಲಾಯಿತೇ ಎಂಬುದನ್ನು ಅವಲಂಬಿಸಿ ಅದು ನಿರ್ಧಾರವಾಗುತ್ತದೆ. ಈ ಪ್ರಶ್ನೆಗಳನ್ನು ಸಂಗೀತೇತರವೆಂದು ಬದಿಗಿಡುವ ವಿಮರ್ಶೆ ಅರ್ಧ ವಿಮರ್ಶೆ.

7

ಇದಕ್ಕೆ ಪ್ರತಿಯಾಗಿ ಒಂದು ವಾದವಿದೆ. ಗದ್ದೆಗಳು ಅಡಿಕೆ ಮತ್ತು ರಬ್ಬರ್ ತೋಟಗಳಾಗಿವೆ, ನೇಜಿಯ ಹಾಡಿಗೆ ಗದ್ದೆಯೇ ಉಳಿದಿಲ್ಲ. ಬೆಸುಗೆಯ ಮೂಲಕವಾದರೂ ಹಾಡು ಕೇಳಿಸಲಿ ಎಂಬುದು. ಮೂಡುಬಿದಿರೆಯ ಆಳ್ವಾಸ್ ವಿರಾಸತ್‌ನಂಥ ಬೃಹತ್ ಉತ್ಸವಗಳು ಶಾಸ್ತ್ರೀಯ, ಸುಗಮ, ಜನಪದಗಳನ್ನು ಒಂದೇ ಆವರಣಕ್ಕೆ ತಂದು ಗ್ರಾಮೀಣ ಕೇಳುಗರಿಗೆ ವಿಸ್ತಾರವಾದ ಸಂಗೀತಲೋಕವನ್ನು ತೆರೆದಿವೆ. ಈ ವಾದದಲ್ಲಿ ಸತ್ಯಾಂಶವಿದೆ. ಬೆಸುಗೆಯನ್ನು ನಿಷೇಧಿಸಬೇಕೆಂದು ಯಾರೂ ಹೇಳಲಾರರು. ಪಿಟೀಲಿನ ಚರಿತ್ರೆಯನ್ನು ಬಲ್ಲವರಂತೂ ಹೇಳಲಾರರು. ಪ್ರಶ್ನೆ ಇರುವುದು ಬೆಸೆಯುವ ಕ್ರಮದ ಬಗ್ಗೆ.

ಆ ಕ್ರಮಕ್ಕೆ ಪರಿಹಾರವನ್ನು ಹೊರಗೆ ಹುಡುಕಬೇಕಾಗಿಲ್ಲ. ಅದು ಪಿಟೀಲಿನ ಶಿಕ್ಷಣದೊಳಗೇ ಇದೆ. ಕರುಂಬಿತ್ತಿಲಿನಂಥ ಗುರುಕುಲದಲ್ಲಿ ಶಿಷ್ಯನು ರೂಢಿಸಿಕೊಳ್ಳುವ ಪಕ್ಕವಾದ್ಯದ ಶಿಸ್ತನ್ನು ಆತ ಗಾಯಕರ ಮುಂದೆ ಪಾಲಿಸುತ್ತಾನೆ. ಅದೇ ಶಿಸ್ತನ್ನು ಪಾಡ್ದನ ಹಾಡುವ ಹೆಂಗಸಿನ ಮುಂದೆ ಪಾಲಿಸಿದರೆ ಸಾಕು. ಅವಳ ಶ್ರುತಿಗೆ ತನ್ನ ತಂತಿಯನ್ನು ಹೊಂದಿಸುವುದು, ಅವಳ ಕಥೆ ಮುಗಿಯುವವರೆಗೆ ತನ್ನ ವಿಸ್ತಾರವನ್ನು ತಡೆದುಕೊಳ್ಳುವುದು, ಅವಳ ಹೆಸರನ್ನು ಮೊದಲು ಹೇಳುವುದು. ಇಂದಿನ ಬೆಸುಗೆಯಲ್ಲಿ ಪಾಡ್ದನ ಪಿಟೀಲಿಗೆ ಪಕ್ಕವಾದ್ಯವಾಗಿದೆ. ಪಿಟೀಲು ಪಾಡ್ದನಕ್ಕೆ ಪಕ್ಕವಾದ್ಯವಾಗುವ ಬೆಸುಗೆ ಇನ್ನು ಮುಂದೆ ಬರಬೇಕಾಗಿದೆ. ಸಜಿಪಮೂಡದ ನಾಗಸ್ವರದ ಮನೆಯಿಂದ ಹೊರಟ ಒಂದು ವಾದ್ಯ ತನ್ನನ್ನು ತಾನು ಬದಲಿಸಿಕೊಂಡು ಜಗತ್ತಿನ ಮುಂದೆ ನಿಂತದ್ದನ್ನು ಕಂಡ ಈ ಪ್ರದೇಶಕ್ಕೆ ಅದು ಅಸಾಧ್ಯವೇನಲ್ಲ.

ಸಂಶೋಧಕರ ಪಾಲಿಗೂ ಇಲ್ಲಿ ಕೆಲಸವಿದೆ. ಜನಪದ ಧಾಟಿಗಳನ್ನು ಬಳಸಿದ ಧ್ವನಿಮುದ್ರಿಕೆಗಳನ್ನು ಸಂಗ್ರಹಿಸಿ, ಅವುಗಳ ಹಾಡುಗಾರರು ಯಾರು, ಊರು ಯಾವುದು, ಸಂದರ್ಭ ಯಾವುದು, ಎಷ್ಟನ್ನು ಕತ್ತರಿಸಲಾಯಿತು ಎಂಬುದನ್ನು ದಾಖಲಿಸುವ ಸೂಚಿಯೊಂದು ನಮ್ಮ ಗ್ರಂಥಾಲಯಗಳಿಗೆ ಬೇಕು. ಗೋಪಾಲ ನಾಯ್ಕರಿಗೆ ಸಂದ ನ್ಯಾಯ ಉಳಿದ ಹಾಡುಗಾರರಿಗೂ ಸಲ್ಲಬೇಕಾದರೆ ‘ಸಾಂಪ್ರದಾಯಿಕ’ ಎಂಬ ಪದದ ಹಿಂದಿರುವ ಹೆಸರುಗಳನ್ನು, ಅವು ಇನ್ನೂ ನೆನಪಿನಲ್ಲಿರುವಾಗಲೇ, ಕೇಳಿ ಬರೆದುಕೊಳ್ಳಬೇಕಾಗಿದೆ.